ಬೊಡೋನಿಗೆ ಅದರ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲಿಷ್ ಫಾಂಟ್‌ಗಳ ಬಗ್ಗೆ ಬಂದ ಲೇಖನ, ಬೊಡೋನಿ ಎಲ್ಲ ಕೆಲಸಕ್ಕೂ ಒಪ್ಪುತ್ತದೆ ಎಂದು ಹೊಗಳಿದೆ. ಇಪ್ಪತ್ತೆರಡು ವರ್ಷ ಪುಸ್ತಕಗಳ ಪುಟ ಕಟ್ಟಿದವಳು ನಾನು. ಆ ಅಕ್ಷರದ ಮೇಲಿನ ಪ್ರೀತಿಯಿಂದಲೇ ಈ ಮಾತನ್ನು ಒಪ್ಪಲಾರೆ.

ಅದರ ದೊಡ್ಡ 'ಎಚ್' ಅನ್ನು ದೊಡ್ಡ ಅಳತೆಯಲ್ಲಿ, ಅಂದರೆ 72 ಪಾಯಿಂಟ್‌ನಲ್ಲಿ ಅಚ್ಚು ಹಾಕಿ ನೋಡಿ. ಎರಡು ದಪ್ಪ ಕಂಬಗಳು, ನಡುವೆ ಕೂದಲೆಳೆಯಂತಹ ಅಡ್ಡಗೆರೆ. ಕಂಬದ ಬುಡದಲ್ಲಿರುವ ಸೆರಿಫ್ ಎಂಬ ಪುಟ್ಟ ಅಡ್ಡಪಟ್ಟಿ ಕೂಡ ಅಷ್ಟೇ ತೆಳು. ಬಾಗದೆ, ಬಳುಕದೆ ನೇರವಾಗಿ ಬಂದು ಕೂಡುತ್ತದೆ. ಸುತ್ತ ಖಾಲಿ ಜಾಗ ಬಿಟ್ಟರೆ ಆ ಒಂದೇ ಅಕ್ಷರಕ್ಕೆ ಇಡೀ ಮುಖಪುಟವನ್ನು ಹೊರುವ ಶಕ್ತಿಯಿದೆ. ಫ್ಯಾಷನ್ ಪತ್ರಿಕೆಗಳು ತಮ್ಮ ಹೆಸರಿಗೆ ಈ ಜಾತಿಯ ಅಕ್ಷರಗಳನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಆ ಕೂದಲೆಳೆ ಸುಲಭಕ್ಕೆ ದಕ್ಕಿದ್ದೂ ಅಲ್ಲ. 1784ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಮುದ್ರಕ ಫರ್ಮಿನ್ ದಿದೋ, ಅದೇ ಕಾಲಘಟ್ಟದಲ್ಲಿ ಇಟಲಿಯ ಪಾರ್ಮಾದಲ್ಲಿ ಜಾಂಬತ್ತಿಸ್ತಾ ಬೊಡೋನಿ ಇಂತಹ ಅಚ್ಚುಮೊಳೆಗಳನ್ನು ಕೊರೆಯಲು ಸಾಧ್ಯವಾದದ್ದು ನುಣುಪು ಕಾಗದ ಬಂದ ಮೇಲೆ. ಅದಕ್ಕೂ ಹಿಂದಿನ ಒರಟು ಕಾಗದದ ಮೇಲೆ ಅಷ್ಟು ತೆಳುವಾದ ಗೆರೆ ನೆಟ್ಟಗೆ ಮೂಡುತ್ತಿರಲಿಲ್ಲ.

ಸಣ್ಣ ಅಳತೆಯಲ್ಲಿ ಆ ತೆಳು ಗೆರೆ ಉಳಿಯುವುದಿಲ್ಲ ಎಂದು ನಾನು ಕಲಿತದ್ದು ಒಂದು ತಪ್ಪಿನಿಂದ. ಕವನ ಸಂಕಲನವೊಂದರ ಹಿಂಬದಿಯ ಬರಹವನ್ನು ಶೀರ್ಷಿಕೆಯ ಬೊಡೋನಿಯಲ್ಲೇ, 8 ಪಾಯಿಂಟ್‌ಗೆ ಇಳಿಸಿ, ಕಪ್ಪು ಹಿನ್ನೆಲೆಯ ಮೇಲೆ ಬಿಳಿಯಾಗಿ ಕೂರಿಸಿದ್ದೆ. ಪರದೆಯ ಮೇಲೆ ಬಹಳ ಚೆನ್ನಾಗಿ ಕಂಡಿತು. ಅಚ್ಚಿನಲ್ಲಿ ಸುತ್ತಲಿನ ಕಪ್ಪು ಮಸಿ ಹರಡಿ ತೆಳು ಗೆರೆಗಳನ್ನು ನುಂಗಿಬಿಟ್ಟಿತ್ತು. 'ಇ' ಅಕ್ಷರ ಅಡ್ಡಗೆರೆ ಕಳೆದುಕೊಂಡು 'ಸಿ' ಆಗಿತ್ತು, ಸಣ್ಣ 'ಎನ್' ಎರಡು ಬಿಡಿ ಕಡ್ಡಿಗಳಾಗಿತ್ತು. ಕವಯಿತ್ರಿ ಆ ಸಾಲುಗಳ ಮೇಲೆ ಬೆರಳಾಡಿಸಿ, "ಇಲ್ಲಿ ಅಕ್ಷರ ಉದುರಿದೆಯೇ?" ಎಂದು ಕೇಳಿದರು. ಆ ಪ್ರಶ್ನೆ ನನಗೆ ಇಂದಿಗೂ ನೋವು ಕೊಡುತ್ತದೆ.

ಬೊಡೋನಿ ಪ್ರತಿ ಅಳತೆಗೂ ಬೇರೆ ಬೇರೆ ಮೊಳೆ ಕೊರೆಯುತ್ತಿದ್ದರು. ಸಣ್ಣ ಅಳತೆಯಲ್ಲಿ ತೆಳು ಗೆರೆಗೆ ತುಸು ಮೈ ತುಂಬುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಒಂದೇ ಅಕ್ಷರಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವ ಅಭ್ಯಾಸ ನಮಗೆ ಅಂಟಿಕೊಂಡಿತು. ಆದರೂ ಐಟಿಸಿ ಎಂಬ ಫಾಂಟ್ ಸಂಸ್ಥೆಯ 1994ರ ಐಟಿಸಿ ಬೊಡೋನಿಯಲ್ಲಿ 6, 12 ಮತ್ತು 72 ಪಾಯಿಂಟ್‌ಗಳಿಗೆ ಪ್ರತ್ಯೇಕ ರೂಪಗಳಿವೆ. ಉಚಿತವಾಗಿ ಸಿಗುವ ಬೊಡೋನಿ ಮೋಡಾ ಎಂಬ ಫಾಂಟಿನಲ್ಲಂತೂ ಅಳತೆಗೆ ತಕ್ಕಂತೆ ಗೆರೆಯೇ ಬದಲಾಗುತ್ತದೆ. ಅಷ್ಟಾದರೂ ಪುಟಗಟ್ಟಲೆ ಓದುವ ಬರಹಕ್ಕೆ ನಾನು ಇದನ್ನು ಬಳಸುವುದಿಲ್ಲ. ಸಾಲು ತುಂಬ ದಪ್ಪ ಕಂಬಗಳೇ ಎದ್ದು ಕಂಡು ಕಣ್ಣು ದಣಿಯುತ್ತದೆ.

ಲೇಖನ ಓದಿ ಈಗಾಗಲೇ ಯಾರಾದರೂ ತಮ್ಮ ಪುಸ್ತಕವನ್ನು ಬೊಡೋನಿಯಲ್ಲಿ ಜೋಡಿಸಲು ಕುಳಿತಿರಬಹುದು. ದಯವಿಟ್ಟು ಮುಂದಿನ ಪುರವಣಿಯಲ್ಲಿ ಅದೇ ಅಕ್ಷರದ ಒಂದು ಸಾಲನ್ನು 72 ಪಾಯಿಂಟ್‌ನಲ್ಲಿ, ಅದರ ಕೆಳಗೇ 7 ಪಾಯಿಂಟ್‌ನಲ್ಲಿ ಅಚ್ಚು ಹಾಕಿ.

— ಪುಸ್ತಕ ವಿನ್ಯಾಸಕಿ