ಚಂದ್ರಗಿರಿಗೆ ನವೆಂಬರ್ ಒಂದರಾಚೆಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನವೆಂಬರ್ ಒಂದು ಹತ್ತಿರ ಬಂತೆಂದರೆ ಕಾಸರಗೋಡಿನ ಚಂದ್ರಗಿರಿ ಹೊಳೆಗೆ ಪತ್ರಿಕೆಗಳಲ್ಲಿ ಜಾಗ ಸಿಗುತ್ತದೆ. ತುಳುನಾಡಿನ ತೆಂಕಣ ಗಡಿ ಎಂದು ಒಂದು ವಾಕ್ಯ, ಗಡಿ ವಿವಾದದ ಮಹಾಜನ ವರದಿಯ ಮೇಲೆ ಇನ್ನೊಂದು. ನಿಮ್ಮಲ್ಲಿ ಮೊನ್ನೆ ಬಂದ ಲೇಖನವೂ ಅದೇ ಜಾಡಿನದು. ಬರೆದದ್ದು ಸುಳ್ಳೇನಲ್ಲ. ಮಲಯಾಳದ ಹಳೆಯ ಐತಿಹ್ಯ ಗೋಕರ್ಣದಿಂದ ಈ ಹೊಳೆಯವರೆಗೆ ತುಳುರಾಜ್ಯ ಎನ್ನುತ್ತದೆ. ನಾಯರ್ ಹೆಂಗಸರು ಇದನ್ನು ದಾಟಬಾರದೆಂಬ ಕಟ್ಟಳೆಯೂ ಇತ್ತು. ಚಂದ್ರಗಿರಿ ಮತ್ತು ಅದರ ಮೇಲ್ಹರಿವಾದ ಪಯಸ್ವಿನಿಯ ಬಡಗಣ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು.

ಆದರೆ ಆಳಿದವರು ಈ ಗಡಿಯನ್ನು ಲೆಕ್ಕಕ್ಕೆ ಇಟ್ಟುಕೊಂಡದ್ದು ಕಡಿಮೆ. ಕೆಳದಿಯವರ ಚಂದ್ರಗಿರಿ ಕೋಟೆ ಇರುವುದು ತೆಂಕು ದಂಡೆಯಲ್ಲಿ. ಬೇಕಲ, ಹೊಸದುರ್ಗ ಇನ್ನೂ ತೆಂಕಕ್ಕೆ. ಬ್ರಿಟಿಷರ ಕಾಲದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನೀಲೇಶ್ವರವೂ ಇತ್ತು. ಹೊಳೆಯೇ ಭಾಷೆಯ ಗಡಿ ಎಂದರೆ ತೆಂಕು ಬದಿಯ ಬಂದಡ್ಕದ ಕನ್ನಡಿಗರನ್ನು ಎಲ್ಲಿಗೆ ಸೇರಿಸೋಣ? 1956ರ ರಾಜ್ಯ ವಿಂಗಡಣೆಯ ಗಡಿಯಂತೂ ಹೊಳೆಯನ್ನು ಅಡ್ಡಕ್ಕೇ ಕಡಿಯಿತು: ಮೇಲಿನ ಭಾಗ ಮೈಸೂರಿಗೆ, ಕೆಳಗಿನದು ಕೇರಳಕ್ಕೆ.

ಆ ಅಡ್ಡಗೆರೆಯ ಫಲ ನಾವು ಈಗಲೂ ಉಣ್ಣುತ್ತಿದ್ದೇವೆ. ಒಟ್ಟು 105 ಕಿ.ಮೀ. ಹೊಳೆ. ಕೊಡಗಿನ ಘಟ್ಟದಲ್ಲಿ ಹುಟ್ಟಿದ ಪಯಸ್ವಿನಿ ಸಂಪಾಜೆ, ಅರಂತೋಡು, ಸುಳ್ಯ ಕಳೆದು ಜಾಲ್ಸೂರಿನಾಚೆ ಕೇರಳಕ್ಕೆ ಇಳಿಯುತ್ತದೆ. ಅಡೂರು ದೇವಸ್ಥಾನದ ಪಕ್ಕದಲ್ಲಿ ಹಾದು, ತೆಂಕಿನಿಂದ ಬರುವ ಕರಿಚ್ಚೇರಿ ಹೊಳೆಯನ್ನು ಕೂಡಿಕೊಂಡು, ತಳಂಗರೆಯ ಅಳಿವೆಯಲ್ಲಿ ಕಡಲು ಸೇರುತ್ತದೆ. ದಂಡೆಯುದ್ದಕ್ಕೂ ಅಡಿಕೆ ತೋಟ, ತೋಟಕ್ಕೆ ಪಂಪು. ಬೇಸಗೆಯಲ್ಲಿ ಮೇಲಿನ ಹರಿವು ಸೊರಗಿತೆಂದರೆ ಉಬ್ಬರದ ಉಪ್ಪುನೀರು ಬಾವಿಕ್ಕರದವರೆಗೂ ಏರುತ್ತಿತ್ತು. ಕಾಸರಗೋಡು ಪೇಟೆಗೆ ಕುಡಿಯುವ ನೀರು ಎತ್ತುವುದೂ ಅಲ್ಲಿಂದಲೇ. ವರ್ಷವೂ ಮರಳು ಚೀಲದ ತಡೆ ಕಟ್ಟುವುದು, ಮಳೆ ಬಂದರೆ ಅದು ಕೊಚ್ಚಿಹೋಗುವುದು. ನಲ್ಲಿ ನೀರಿನಲ್ಲಿ ಚಹಾ ಇಟ್ಟರೆ ಹಾಲು ಒಡೆಯುತ್ತಿತ್ತು. ಗಂಜಿಗೆ ಬೇರೆ ಉಪ್ಪು ಬೇಡ ಎಂದು ನಗುತ್ತಿದ್ದೆವು, ನಗದೆ ಮಾಡುವುದೇನು? ಈಗ ಶಾಶ್ವತ ತಡೆಯೇನೋ ಬಂದಿದೆ. ಆದರೆ ಅದರ ಹಿಂದೆ ನಿಲ್ಲುವುದಕ್ಕೆ ಮೇಲಿನಿಂದ ನೀರು ಬರಬೇಕಲ್ಲ! ಆ ಮೇಲಿನ ಭಾಗ ಇನ್ನೊಂದು ರಾಜ್ಯದ್ದು. ಫೆಬ್ರವರಿಯ ನಂತರ ಎಲ್ಲಿ ಎಷ್ಟು ಎತ್ತಬಹುದೆಂದು ಎರಡೂ ಕಡೆಯ ಅಧಿಕಾರಿಗಳು ಪ್ರತಿ ಬೇಸಗೆಗೆ ಮುಂಚೆ ಒಟ್ಟಿಗೆ ಕೂತು ನಿಗದಿ ಮಾಡಬೇಕು. ಗಡಿ ವಿವಾದ ಇತ್ಯರ್ಥವಾಗುವವರೆಗೆ ಅದಕ್ಕೆ ಕಾಯಬೇಕಾಗಿಲ್ಲ.

ಮಳೆಗಾಲದ ಕತೆಯೂ ಇಷ್ಟೆ, ಮೇಲೆ ಆದದ್ದು ಕೆಳಗಿನ ನಮಗೂ ತಟ್ಟುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದಾಗ ಮಣ್ಣು ಇಳಿದದ್ದು ಇದೇ ಪಯಸ್ವಿನಿಗೆ.

ನಿಮ್ಮಲ್ಲೂ ಒಂದು ಕೋರಿಕೆಯಿದೆ. ಕಾಸರಗೋಡು ಆವೃತ್ತಿಯಲ್ಲಿ ಕಾಸರಗೋಡು, ಹೊಸದುರ್ಗದ ಮಳೆ ಲೆಕ್ಕ ಕೊಡುತ್ತೀರಿ. ಸಂಪಾಜೆ, ಸುಳ್ಯದ್ದು ಮಂಗಳೂರು ಆವೃತ್ತಿಗೆ ಹೋಗುತ್ತದೆ; ಅದು ನಮ್ಮ ಕೈಗೆ ಬರುವುದಿಲ್ಲ. ಚೆಂಗಳ, ಚೆಮ್ನಾಡಿನ ತಗ್ಗಿನಲ್ಲಿ ಮನೆಯಿರುವವರಿಗೆ ಊರ ಮಳೆ ಕಿಟಕಿಯಿಂದಲೇ ಕಾಣುತ್ತದೆ, ಘಟ್ಟದ ಮಳೆ ಕಾಣುವುದಿಲ್ಲ. ಜೂನ್‌ನಿಂದ ಆ ಎರಡು ಊರುಗಳ ಲೆಕ್ಕವನ್ನೂ ನಮ್ಮ ಪುಟದಲ್ಲಿ ಹಾಕಿಸಿ.

— ಓರ್ವ ಓದುಗ, ಮುಳಿಯಾರು