ನೆಟ್ ಕೊಟ್ಟು ಹೋಗುವವರು ನಾಲ್ಕು ಮಾತು ಹೇಳಿ ಹೋಗಲಿ

ಸಂಪಾದಕರಿಗೆ ನಮಸ್ಕಾರ,

ನಾನು ಹಿರಿಯಡ್ಕದಲ್ಲಿ ಮನೆ ವಯರಿಂಗ್ ಕೆಲಸ ಮಾಡುವವನು. ಫ್ಯಾನು, ಪಂಪು ಅಂತ ಕರೆದವರು ಈಗೀಗ "ಹಾಗೇ ಈ ನೆಟ್ಟನ್ನೂ ಒಮ್ಮೆ ನೋಡಿ ಮಾರಾಯ್ರೆ" ಅನ್ನುತ್ತಾರೆ. ಉಡುಪಿ, ಮಣಿಪಾಲದ ಪೇಟೆಯಲ್ಲಿ ಫೈಬರ್ ಬಂದಾಗಿದೆ. ಆದರೆ ನಾನು ಕೆಲಸಕ್ಕೆ ಹೋಗುವ ಒಳಗಿನ ಊರುಗಳ ಕೆಲವು ಮನೆಗಳಲ್ಲಿ ಇವತ್ತಿಗೂ ಲ್ಯಾಂಡ್‌ಲೈನಿನ ತಾಮ್ರದ ತಂತಿಯಲ್ಲೇ ನೆಟ್ ಬರುವುದು. ಡಿಎಸ್‌ಎಲ್ ಅನ್ನುತ್ತಾರಲ್ಲ, ಅದು. ಗುಡ್ಡೆಯ ಮರೆಗೆ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದವರಿಗೆ ಅದೇ ಗತಿ.

ಈ ಮನೆಗಳಲ್ಲಿ ನಾನು ಕಾಣುವ ತೊಂದರೆ ಹೆಚ್ಚಿನದೂ ಮನೆಯೊಳಗಿನ ತಂತಿಯದ್ದು. ಮನೆಯವರಿಗೆ ಅದು ಗೊತ್ತಿಲ್ಲ. ಸಂಪರ್ಕ ಕೊಡಲು ಬಂದವರು ಹೇಳಿಲ್ಲ, ಅಷ್ಟೆ. ಮೋಡೆಮ್ ಇಟ್ಟು, ದೀಪ ಹತ್ತಿದ್ದನ್ನು ತೋರಿಸಿ, ಸಹಿ ಹಾಕಿಸಿಕೊಂಡು ಬೈಕ್ ಹತ್ತುತ್ತಾರೆ. ಅರ್ಧ ಗಂಟೆ ಕೂತು ತಿಳಿಸಿ ಹೋಗಿ ಅಂತ ಅವರನ್ನು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಪೆರ್ಡೂರು ಕಡೆಯ ಒಂದು ಮನೆಯ ವಿಷಯ ಹೇಳುತ್ತೇನೆ. ಅಜ್ಜ ಅಜ್ಜಿ ಇಬ್ಬರೇ. ಮಗ ದುಬೈಯಲ್ಲಿ. ಸಂಜೆ ಮಗನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಿರುವಾಗ ಲ್ಯಾಂಡ್‌ಲೈನ್ ರಿಂಗ್ ಆದರೆ ಸಾಕು, ನೆಟ್ ಹೋಗುತ್ತಿತ್ತು. ಮೋಡೆಮ್ ಹಾಳು ಅಂತ ಯಾರೋ ಹೇಳಿ ಹೊಸದನ್ನು ತರಿಸಿದ್ದೂ ಆಗಿತ್ತು. ನಾನು ತಂತಿ ಹಿಡಿದು ಹೋದೆ. ಕಂಬದಿಂದ ಬಂದ ಲೈನ್ ಜಗಲಿಯ ಪೆಟ್ಟಿಗೆಗೆ ಬಂದಿತ್ತು. ಅಲ್ಲಿಂದ ಒಂದು ತಂತಿ ಚಾವಡಿಯ ಮೋಡೆಮ್‌ಗೆ, ಇನ್ನೊಂದು ಅಟ್ಟದ ಮೇಲಿಂದ ಮಲಗುವ ಕೋಣೆಯ ಫೋನಿಗೆ. ಚಾವಡಿಯಲ್ಲಿ ಫೋನನ್ನೂ ನೆಟ್ಟನ್ನೂ ಬೇರೆ ಮಾಡುವ ಸ್ಪ್ಲಿಟರ್ ಇತ್ತು. ಕೋಣೆಯ ಫೋನಿಗೆ ಮಾತ್ರ ಏನೂ ಇರಲಿಲ್ಲ. ಅಟ್ಟದ ಮೇಲೆ ತಂತಿಗೆ ತಂತಿ ತಿರುಪಿ ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ಒಳಗಿನ ತಾಮ್ರ ಹಸಿರಾಗಿ ಕಿಲುಬು ಹಿಡಿದು, ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಕಿಲುಬು ಹಿಡಿದಷ್ಟನ್ನು ಕತ್ತರಿಸಿ ತೆಗೆದೆ. ಸ್ಪ್ಲಿಟರನ್ನು ಜಗಲಿಯ ಪೆಟ್ಟಿಗೆಯ ಹತ್ತಿರವೇ ಹಾಕಿ, ಎರಡೂ ತಂತಿ ಅದರಿಂದಲೇ ಹೊರಡುವ ಹಾಗೆ ಮಾಡಿದೆ. ಆಮೇಲೆ ರಿಂಗ್ ಆದರೂ ನೆಟ್ ಹೋಗಲಿಲ್ಲ.

ಯಾಕೆ ಹೀಗಾಗುತ್ತದೆ ಅಂತ ತಿಳಿಯುವುದು ಕಷ್ಟವೇನಲ್ಲ. ಫೋನಿನಲ್ಲಿ ನಮ್ಮ ಮಾತಿಗೆ 4,000 ಹರ್ಟ್ಸ್‌ವರೆಗಿನ ಜಾಗ ಸಾಕು. ಒಂದು ಹರ್ಟ್ಸ್ ಅಂದರೆ ಸೆಕೆಂಡಿಗೆ ಒಂದು ಕಂಪನ. ಡಿಎಸ್‌ಎಲ್ ಅದರ ಮೇಲೆ, ಸುಮಾರು 25,000 ಹರ್ಟ್ಸ್‌ನಿಂದ ಶುರುವಾಗಿ 11 ಲಕ್ಷದವರೆಗೆ, ಅದರ ಸುಧಾರಿತ ಬಗೆಯಾದ ಎಡಿಎಸ್‌ಎಲ್ 2 ಪ್ಲಸ್ ಆದರೆ 22 ಲಕ್ಷದವರೆಗೆ ಓಡುತ್ತದೆ. ಯಕ್ಷಗಾನದ ಆಟದಲ್ಲಿ ಭಾಗವತರ ಪದವೂ ಚೆಂಡೆಯೂ ಒಟ್ಟಿಗೇ ಬಂದರೂ ಕಿವಿಗೆ ಎರಡೂ ಬೇರೆಯಾಗಿಯೇ ಕೇಳುತ್ತವೆ, ಅಲ್ವಾ? ತಂತಿಯಲ್ಲಿ ಹಾಗೆ ಬೇರೆ ಮಾಡಿಕೊಡುವ ಕೆಲಸ ಸ್ಪ್ಲಿಟರಿನದ್ದು. ಫೋನ್ ಲೈನಿನಲ್ಲಿ ಸುಮ್ನೆ ಇರುವಾಗ 48 ವೋಲ್ಟ್ ಡಿಸಿ ಇರುತ್ತದೆ. ರಿಂಗ್ ಆಗುವಾಗ ಸುಮಾರು 75 ವೋಲ್ಟ್ ಎಸಿ ಬರುತ್ತದೆ. ಸ್ಪ್ಲಿಟರ್ ಇಲ್ಲದ ಫೋನ್ ಒಂದು ಇದ್ದರೂ ಅದರ ಗಲಾಟೆ ಮೋಡೆಮ್‌ಗೆ ತಟ್ಟುತ್ತದೆ. ಮನೆಯಲ್ಲಿ ಎಷ್ಟು ಫೋನ್ ಇದ್ದರೂ ಎಲ್ಲವೂ ಸ್ಪ್ಲಿಟರ್ ದಾಟಿಯೇ ಹೋಗಬೇಕು. ಇಲ್ಲವೆ ಒಂದೊಂದಕ್ಕೂ ಒಂದೊಂದು ಫಿಲ್ಟರ್ ಬೇಕು. ಸ್ಪ್ಲಿಟರಿನ ಮೇಲೆ ಲೈನ್, ಫೋನ್, ಮೋಡೆಮ್ ಅಂತ ಬರೆದೇ ಇರುತ್ತದೆ. ಅದನ್ನು ಓದಿ ಸಿಕ್ಕಿಸಿದರೆ ಆಯಿತು.

ವೇಗದ ವಿಷಯದಲ್ಲೂ ಜನರಿಗೆ ಸರಿಯಾಗಿ ಹೇಳುವುದಿಲ್ಲ. ಎಡಿಎಸ್‌ಎಲ್ 2 ಪ್ಲಸ್‌ನಲ್ಲಿ 24 ಎಂಬಿಪಿಎಸ್‌ವರೆಗೆ ಬರಬಹುದು ಅನ್ನುವುದು ನಿಜ. ಅದು ಎಕ್ಸ್‌ಚೇಂಜಿನ ಪಕ್ಕದ ಮನೆಗೆ. ತಂತಿಯ ದಾರಿ ನಾಲ್ಕೈದು ಕಿಲೋಮೀಟರ್ ಆದರೆ ಎರಡು ಮೂರು ಬಂದರೆ ಜಾಸ್ತಿ. ತಂತಿ ಗದ್ದೆ ದಾಟಿ ನೇರ ಬರುವುದಿಲ್ಲ, ರಸ್ತೆಯ ಎಲ್ಲಾ ತಿರುವು ಸುತ್ತಿಯೇ ಬರುತ್ತದೆ. ಇನ್ನೊಂದು, ಡಿಎಸ್‌ಎಲ್‌ನಲ್ಲಿ ನಮ್ಮ ಕಡೆಗೆ ಬರುವ ವೇಗ ಹೆಚ್ಚು, ನಮ್ಮಿಂದ ಹೋಗುವುದು ಕಡಿಮೆ, ಹೆಚ್ಚೆಂದರೆ ಸುಮಾರು 1 ಎಂಬಿಪಿಎಸ್. ಮಗನ ಮುಖ ಇಲ್ಲಿ ಚೆನ್ನಾಗಿ ಕಂಡು, ಅಜ್ಜಿಯ ಮುಖ ಅಲ್ಲಿ ಚೂರುಚೂರಾಗಿ ಕಾಣುವುದು ಇದಕ್ಕೇ. ಹೊಸ ಮೋಡೆಮ್ ತಂದರೂ ಅದು ಸರಿಯಾಗದು. ಇದನ್ನು ಮೊದಲೇ ಹೇಳಿದರೆ ದುಡ್ಡು ಉಳಿಯುತ್ತದೆ.

ಮೋಡೆಮ್‌ನ ದೀಪಗಳನ್ನು ಓದಲು ಮನೆಯ ಒಬ್ಬರಿಗಾದರೂ ಕಲಿಸಬೇಕು. ಡಿಎಸ್‌ಎಲ್ ದೀಪ ಒಂದೇ ಸಮ ಉರಿಯುತ್ತಿದ್ದರೆ ಎಕ್ಸ್‌ಚೇಂಜಿನ ತನಕ ತಂತಿ ಸರಿ ಇದೆ. ಅದು ಮಿನುಗುತ್ತಲೇ ಇದ್ದರೆ ತಂತಿಯ ತೊಂದರೆ. ಆಗ ಲ್ಯಾಂಡ್‌ಲೈನ್ ಎತ್ತಿ ಕೇಳಿ. ಡಯಲ್ ಟೋನ್ ಜೊತೆ ಚರಪರ ಸದ್ದು ಬಂದರೆ ಎಲ್ಲೋ ಜಾಯಿಂಟಿಗೆ ನೀರು ಹೋಗಿರಬಹುದು. ಆಟಿ ತಿಂಗಳ ಮಳೆಗೆ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಇದು ಮಾಮೂಲು. ಡಿಎಸ್‌ಎಲ್ ದೀಪ ಸರಿ ಇದ್ದು ಇಂಟರ್‌ನೆಟ್ ದೀಪ ಕೆಂಪಾಗಿದ್ದರೆ ಯೂಸರ್ ನೇಮ್, ಪಾಸ್‌ವರ್ಡ್ ನೋಡಬೇಕು, ಬಿಲ್ ಬಾಕಿ ಇದೆಯಾ ನೋಡಬೇಕು. ಎರಡೂ ಸರಿ ಇದ್ದು ಮೊಬೈಲಿನಲ್ಲಿ ಮಾತ್ರ ಬರದಿದ್ದರೆ ವೈಫೈ ತೊಂದರೆ. ನಮ್ಮ ಕಡೆಯ ಮುರಕಲ್ಲಿನ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ವೈಫೈ ಬಲ ಸುಮಾರು ಇಳಿದಿರುತ್ತದೆ. ಮೋಡೆಮನ್ನು ಟಿವಿ ಹಿಂದೆ, ಕಪಾಟಿನೊಳಗೆ ಬಚ್ಚಿಡುವುದು ಬೇಡ. ಇಷ್ಟು ಗೊತ್ತಿದ್ದರೆ ದೂರು ಕೊಡುವಾಗ "ನೆಟ್ ಇಲ್ಲ" ಅನ್ನುವ ಬದಲು "ಡಿಎಸ್‌ಎಲ್ ದೀಪ ನಿಲ್ಲುತ್ತಿಲ್ಲ, ಫೋನಿನಲ್ಲೂ ಸದ್ದಿದೆ" ಅನ್ನಬಹುದು. ಬರುವವನು ಏಣಿ ತೆಗೆದುಕೊಂಡೇ ಬರುತ್ತಾನೆ.

ನನಗೆ ಎಲ್ಲಕ್ಕಿಂತ ಬೇಸರ ತರುವುದು ಪಾಸ್‌ವರ್ಡ್ ವಿಷಯ. ಮೋಡೆಮ್ ಹಿಂದೆ ಒಂದು ಸಣ್ಣ ತೂತು ಇರುತ್ತದೆ. ಪಿನ್ನಿನಿಂದ ಒತ್ತಿ ಹಿಡಿದರೆ ರಿಸೆಟ್. ನೆಟ್ ಹೋದಾಗ ಮಕ್ಕಳು ಅದನ್ನು ಒತ್ತುತ್ತಾರೆ. ಅಷ್ಟಕ್ಕೇ ಒಳಗಿದ್ದ ಯೂಸರ್ ನೇಮ್, ಪಾಸ್‌ವರ್ಡ್, ವಿಪಿಐ, ವಿಸಿಐ ಎನ್ನುವ, ಲೈನಿನ ದಾರಿ ಗುರುತಿಸುವ ಎರಡು ಅಂಕಿ, ಎಲ್ಲವೂ ಅಳಿಸಿ ಹೋಗಬಹುದು. ಅವು ಕೈಯಲ್ಲಿದ್ದರೆ ಬ್ರೌಸರಿನಲ್ಲಿ ಮೋಡೆಮ್‌ನ ವಿಳಾಸ, ಸಾಮಾನ್ಯವಾಗಿ 192.168.1.1, ಹೊಡೆದು ಪಿಪಿಪಿಒಇ (ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟು ನೆಟ್ಟಿಗೆ ಸೇರುವ ಬಗೆ) ಅಂತ ಆರಿಸಿ ಪುನಃ ತುಂಬಿಸಲು ಹತ್ತು ನಿಮಿಷ ಸಾಕು. ಇಲ್ಲದಿದ್ದರೆ ಕಂಪನಿಯವರು ಬರುವ ತನಕ ಕಾಯಬೇಕು. ಮಕ್ಕಳ ಪರೀಕ್ಷೆಯ ಅರ್ಜಿ, ಸೊಸೈಟಿಯ ಲೆಕ್ಕ, ಎಲ್ಲಾ ನಿಂತೇ ಹೋಗುತ್ತದೆ. ಒಂದು ಕಾಗದದಲ್ಲಿ ಇವನ್ನು ಬರೆದು ಕೊಡಲು ಏನು ಕಷ್ಟ? ಅದೇ ಕಾಗದದಲ್ಲಿ ಲೈನ್ ಹಾಕಿದ ದಿನದ ಎಸ್‌ಎನ್‌ಆರ್ ಮಾರ್ಜಿನ್ (ಗಲಾಟೆ ತಡೆಯಲು ಸಿಗ್ನಲಿನಲ್ಲಿ ಉಳಿದ ಬಲ), ಅಟೆನ್ಯುಯೇಶನ್ (ತಂತಿಯ ದಾರಿಯಲ್ಲಿ ಸಿಗ್ನಲ್ ಕುಗ್ಗುವುದು) ಎಷ್ಟಿತ್ತು ಅಂತಲೂ ಬರೆದಿಡಿ. ಎರಡೂ ಮೋಡೆಮ್‌ನ ಪುಟದಲ್ಲೇ ಡಿಬಿ ಎಂಬ ಅಳತೆಯಲ್ಲಿ ಕಾಣುತ್ತವೆ. ಮೊದಲ ದಿನ ಮಾರ್ಜಿನ್ 15 ಡಿಬಿ ಇದ್ದದ್ದು ಈಗ 6ಕ್ಕಿಂತ ಕೆಳಗೆ ಬಂದಿದ್ದರೆ ಲೈನ್ ಕೆಟ್ಟಿದೆ ಅಂತ ಯಾರು ಬೇಕಾದರೂ ಹೇಳಬಹುದು. ಅಂಕಿ ಕೈಯಲ್ಲಿದ್ದರೆ "ನಮ್ಮ ಕಡೆ ಎಲ್ಲ ಸರಿ ಇದೆ" ಅಂತ ಸಾಗಹಾಕಲು ಆಗುವುದಿಲ್ಲ.

ಇನ್ನು ಸಿಡಿಲು. ನಮ್ಮ ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರ್, ನವೆಂಬರಿನಲ್ಲಿ ಗುಡುಗು ಸಿಡಿಲು ಜಾಸ್ತಿ. ಜನ ಕರೆಂಟಿನ ಪ್ಲಗ್ ತೆಗೆದು ನಿಶ್ಚಿಂತೆಯಿಂದ ಇರುತ್ತಾರೆ. ಫೋನಿನ ತಂತಿ ಹಾಗೇ ಇರುತ್ತದೆ. ಮೋಡೆಮ್ ಸುಡುವುದು ಆ ತಂತಿಯಿಂದಲೂ ಹೌದು. ದಯವಿಟ್ಟು ಎರಡನ್ನೂ ತೆಗೆಯಿರಿ, ಮೋಡ ಕಟ್ಟುವಾಗಲೇ ತೆಗೆಯಿರಿ. ಸಿಡಿಲು ಹೊಡೆಯಲು ಶುರುವಾದ ಮೇಲೆ ಆ ತಂತಿಯನ್ನೂ ಮುಟ್ಟಬೇಡಿ, ಲ್ಯಾಂಡ್‌ಲೈನಿನಲ್ಲೂ ಮಾತಾಡಬೇಡಿ. ಮೋಡೆಮ್ ಹೋದರೆ ಹೋಗಲಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಕೂಡ ಸರಿಯಾಗಿ ಸಿಗುವುದಿಲ್ಲ. ಅರ್ಥ್ ಗುಂಡಿಗೆ ಆಗಾಗ ನೀರು ಹಾಕಿ ಅಂತ ನಾನು ಹೋದ ಮನೆಗಳಲ್ಲೆಲ್ಲ ಹೇಳುತ್ತೇನೆ.

ಸಂಪರ್ಕ ಕೊಡುವ ಕಂಪನಿಗಳು ತಮ್ಮ ಹುಡುಗರಿಗೆ ಒಂದು ಮನೆಗೆ ಇನ್ನೂ ಅರ್ಧ ಗಂಟೆ ಕೊಡಲಿ. ಅವರಿಗೂ ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಎಂಬ ಒತ್ತಡ ಇದೆ, ಅದನ್ನು ನಾನು ಬಲ್ಲೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಗ್ರಾಹಕರೂ ಆ ಕಾಗದ ಕೈಗೆ ಸಿಗದೆ ಸಹಿ ಹಾಕುವುದು ಬೇಡ.

ಹೊಸ ಮನೆ ಕಟ್ಟುವವರಿಗೂ, ನನ್ನ ಹಾಗೆ ವಯರಿಂಗ್ ಮಾಡುವವರಿಗೂ ಒಂದು ಮಾತು. ಫೋನಿನ ತಂತಿಯನ್ನು ಕರೆಂಟಿನ ಪೈಪಿನೊಳಗೆ ಎಳೆಯಬೇಡಿ, ಅದಕ್ಕೆ ಬೇರೆ ಪೈಪ್ ಕೊಡಿ. ಅದರ ಜೊತೆ ಗೇಟಿನಿಂದ ಚಾವಡಿಯ ತನಕ ಇನ್ನೊಂದು ಪೈಪನ್ನು ಖಾಲಿ ಬಿಟ್ಟಿರಿ, ತಿರುವು ಆದಷ್ಟು ಕಡಿಮೆ ಇರಲಿ. ನಾಳೆ ಫೈಬರ್ ಬಂದಾಗ ಗೋಡೆ ಒಡೆಯುವುದು ತಪ್ಪುತ್ತದೆ.

ಇಂತಿ,
ಒಬ್ಬ ವಯರಿಂಗ್ ಕೆಲಸಗಾರ, ಹಿರಿಯಡ್ಕ, ಉಡುಪಿ