ಕೈಗುಣ ಅಂತ ಬರೆದಿದ್ಯಲ್ಲ, ಅದಕ್ಕೆ

ಪುಟ್ಟೀ,

ನಿನ್ನ ಕಾಗದ ಬೆಳಗ್ಗೆ ಓದ್ದೆ, ಊಟ ಆದ್ಮೇಲೆ ಇನ್ನೊಂದ್ಸಲ ಓದ್ದೆ. ಮನೆ ವಿಷಯ ನಿಂಗೂ ಗೊತ್ತು ನಂಗೂ ಗೊತ್ತು, ಅದು ಬಿಡು. ಕೊನೇಲಿ ಲೆಕ್ಕಕ್ಕಿಲ್ಲದ ಹಾಗೆ ಒಂದು ಸಾಲು ಹಾಕಿದೀಯಲ್ಲ, ಮೂರು ಭಾನುವಾರ ಪಫ್ ಪೇಸ್ಟ್ರಿ ಮಾಡ್ದೆ, ಮೂರು ಸಲಾನೂ ಬೆಣ್ಣೆ ಸೋರಿಹೋಯ್ತು, ನಂಗೆ ಕೈಗುಣ ಇಲ್ಲ ದೊಡ್ಡಮ್ಮ, ಬಿಟ್ಬಿಡ್ತೀನಿ ಅಂತ. ನಾನು ಅಲ್ಲೇ ಸಿಕ್ಕಾಕೊಂಡಿದೀನಿ.

ಬೆಣ್ಣೆ ಸೋರೋದಕ್ಕೂ ಕೈಗುಣಕ್ಕೂ ಏನೇ ಸಂಬಂಧ? ಪಫ್ ಪೇಸ್ಟ್ರಿ ಅಂದ್ರೆ ಹಿಟ್ಟಿನ ಮಧ್ಯ ಬೆಣ್ಣೆ ಇಟ್ಟು ಮಡಚಿ ಮಡಚಿ ಲಟ್ಟಿಸಿದ ಪದರಗಳು ತಾನೆ. ಬೆಣ್ಣೇಲಿ ನೂರಕ್ಕೆ 16ರ ಸುಮಾರು ನೀರೇ ಇರುತ್ತೆ, ಓವನ್ ಚೆನ್ನಾಗಿ ಕಾದಿದ್ರೆ ಆ ನೀರು ಆವಿಯಾಗಿ ಪದರಗಳನ್ನ ಮೇಲಕ್ಕೆತ್ತುತ್ತೆ, ಸರಿಯಾಗಿ ಕಾದಿಲ್ಲ ಅಂದ್ರೆ ಪದರ ಏಳೋಕ್ಮುಂಚೆನೇ ಬೆಣ್ಣೆ ಕರಗಿ ಟ್ರೇಗೆ ಇಳಿಯುತ್ತೆ. 200 ಡಿಗ್ರಿ ಇಟ್ಟು, ಕಾಯ್ತು ಅಂತ ದೀಪ ಆರಿದ ಮೇಲೂ ಒಂದ್ಹತ್ತು ನಿಮಿಷ ಬಿಡು. ದೊಡ್ಡಸ್ತಿಕೆಗೆ ಹೇಳ್ತಿಲ್ಲ, ನಂದೂ ಸೋರಿದೆ.

ನೀನಾಗ ಹುಟ್ಟಿರ್ಲಿಲ್ಲ. ಒಂದ್ ಶನಿವಾರ ರಾತ್ರಿ ಹಿಟ್ಟು ಕಲಸಿ, ಬೆಣ್ಣೆ ಚಪ್ಪಟೆ ಮಾಡಿ ಮಧ್ಯ ಇಟ್ಟು, ತಡೀಲಾರ್ದೆ ಒಂದರ ಹಿಂದೊಂದು ನಾಲ್ಕು ಸಲ ಮಡಚಿ ಲಟ್ಟಿಸ್ದೆ, ನಡುವೆ ಫ್ರಿಜ್ಜಲ್ಲಿ ಇಡ್ಲೇ ಇಲ್ಲ. ಒಂದು ಮೂಲೇಲಿ ಹಿಟ್ಟು ಹರಿದು ಬೆಣ್ಣೆ ಹಳದಿಯಾಗಿ ಇಣುಕ್ತಿತ್ತು, ಮೇಲೆ ಒಂದು ಹಿಡಿ ಮೈದಾ ಉದುರಿಸಿ ಮುಚ್ಚಿಬಿಟ್ಟೆ, ಯಾರಿಗೆ ಕಾಣುತ್ತೆ ಅಂತ. ಬೆಳಗ್ಗೆ ನೆಂಟರ ಮುಂದೆ ಟ್ರೇ ಹೊರಗೆ ತೆಗೆದ್ರೆ ಹಲಗೆ ಥರ ಚಪ್ಪಟೆ, ಸುತ್ತಲೂ ಬೆಣ್ಣೆ ಕುದೀತಿದೆ. ಯಾರೋ ನಗ್ತಾನೇ ಅಂದ್ರು, ಇದು ನಿನ್ ಕೈಗಲ್ಲ ಬಿಡು ಅಂತ. ಅವತ್ತು ಟ್ರೇನ ಅಟ್ಟಕ್ಕೆ ಹಾಕ್ದೋಳು ಹದಿನಾಲ್ಕು ವರ್ಷ ಇಳಿಸ್ಲಿಲ್ಲ. ಹಿಟ್ಟಲ್ಲಿ ಕೈ ಹಾಕಿ ಮೂಗಿಗೆಲ್ಲ ಬಳ್ಕೊಳ್ಳೋ ವಯಸ್ಸು ನನ್ನ ಮಗಳಿಗೆ ಅಷ್ಟರಲ್ಲಿ ಕಳೆದುಹೋಗಿತ್ತು. ಇಳಿಸಿದ ದಿನ ಅವಳು ಮನೇಲೇ ಇರ್ಲಿಲ್ಲ, ಹಾಸ್ಟೆಲಲ್ಲಿದ್ಲು.

ಅದಕ್ಕೇ ಆ ಪದ ನಿನ್ನ ಅಕ್ಷರದಲ್ಲಿ ನೋಡಿ ಹೊಟ್ಟೇಲಿ ಏನೋ ಆಯ್ತು. ಕೈಗುಣ ಅಂತೆ! ನಿನ್ನ ಕೈ ಬಿಸಿ ಇರ್ಬಹುದು, ಅದು ಬೇರೆ ಮಾತು, ಅಂಥೋರು ಹಿಟ್ಟನ್ನ ಜಾಸ್ತಿ ಮುಟ್ಟದೆ ಲಟ್ಟಣಿಗೇಲೇ ಕೆಲಸ ತಗೋಬೇಕು. ಬೆಣ್ಣೆ ಬಗ್ಗಿಸಿದ್ರೆ ಬಾಗ್ಬೇಕು, ಪಟ್ ಅಂತ ಮುರೀಬಾರ್ದು, ಬೆರಳಿಗೆ ಜಿಡ್ಡಾಗಿ ಮೆತ್ಕೋಬಾರ್ದು. ಎರಡು ಸಲ ಮಡಚು, ಅರ್ಧ ಗಂಟೆ ಫ್ರಿಜ್ಜಲ್ಲಿಡು, ಮತ್ತೆರಡು. ಪ್ರತಿ ಸಲಾನೂ ಮೂರು ಮಡಿಕೆ ಹಾಕಿ ಆರು ಸಲ ಮಡಚಿದ್ರೆ ಬೆಣ್ಣೆ ಪದರ 729 ಆಗುತ್ತೆ, ಕೆಲ್ಸ ಇಲ್ಲದೋಳು ನಾನು ಕೂತು ಗುಣಿಸಿ ನೋಡಿದೀನಿ. ನಿಂಗೆ ನಾಲ್ಕೇ ಸಾಕು, 81. ಇದೆಲ್ಲ ನೀನು ವಿಡಿಯೋದಲ್ಲಿ ನೋಡೇ ಇರ್ತೀಯ, ಸುಮ್ನೆ ತಲೆ ತಿಂತಿದೀನಿ.

ನಿನ್ನ ಮಗ ಆ ಸೋರಿದ್ದನ್ನೇ ಸಕ್ಕರೆ ಉದುರಿಸ್ಕೊಂಡು ಎರಡು ತಿಂದ ಅಂತ ಹಿಂದಿನ ಪುಟದಲ್ಲಿ ಬರೆದಿದೀಯ. ಹಾಗೆ ಬರೆದ ಕೈಯೇ ಮುಂದಿನ ಪುಟದಲ್ಲಿ ಬಿಟ್ಬಿಡ್ತೀನಿ ಅಂತ ಬರೆಯುತ್ತಲ್ಲ, ನಂಗೆ ಅರ್ಥ ಆಗ್ಲಿಲ್ಲ. ಕೋಪ ಮಾಡ್ಕೋಬೇಡ.

ಈ ಭಾನುವಾರ ಚಪ್ಪಟೆಯಾಗಿ ಬಂದ್ರೂ ಫೋಟೋ ಕಳ್ಸು. ಆ ಹಳೇ ಟ್ರೇ ಬೇಕಾದ್ರೆ ಹೇಳು, ಒಂದು ಮೂಲೆ ಸೊಟ್ಟ ಆಗಿದೆ, ಬಿಟ್ರೆ ಚೆನ್ನಾಗೇ ಇದೆ.

ನಿನ್ನ ದೊಡ್ಡಮ್ಮ